ಹತ್ತು ಕೆಜಿಯ ಕೆಳಗೆ

ಸಾಗರದವರ ಕಾಗದ ಬಂದು ಇಂದಿಗೆ ನಾಲ್ಕು ದಿನ.
ಅದರ ಬೆನ್ನಿಗೆ, ಗೊತ್ತಿಲ್ಲದೆ, ಒಂದು ಲಾರಿಯ ತೂಕ ಗೀಚಿದ್ದೇನೆ.
'ನಿಮ್ಮ ಗುತ್ಯಪ್ಪನನ್ನು ನಮಗೆ ಬಿಡಿ,
ನಮ್ಮ ಬೆಂಜಮಿನ್ನನ್ನು ನೀವಿಟ್ಟುಕೊಳ್ಳಿ,
ಮೇಲೆ ಎರಡು ಹೊಸ ಚೆಂಡು.'
ಚೆಂಡಿನ ಮಾತಿಗೆ ಅಡಿಗೆರೆ ಎಳೆದಿದ್ದಾರೆ.
ನಮ್ಮ ಚೆಂಡುಗಳ ಸ್ಥಿತಿ ಊರೂರಿಗೂ ಗೊತ್ತು.

ನಾನು ಭದ್ರಾವತಿ ಬೈಪಾಸಿನ ಕಾಟಾದವನು.
ಬರುವಾಗೊಮ್ಮೆ ಹೋಗುವಾಗೊಮ್ಮೆ ಲಾರಿ ತೂಗುತ್ತೇನೆ;
ತುಂಬಿದ್ದರಲ್ಲಿ ಖಾಲಿ ಕಳೆದರೆ ಮಾಲು.
ಇಪ್ಪತ್ತೆರಡು ವರ್ಷದಲ್ಲಿ ಕಲಿತ ಲೆಕ್ಕ ಇದೊಂದೇ.
ಐದೂವರೆಗೆ ಶಟರ್ ಎಳೆದು, ಸೀಟಿ ಕೊರಳಿಗೆ ಹಾಕಿದರೆ
ಕೋಚು.
ಹಳೇ ಕ್ವಾರ್ಟರ್ಸಿನ ಸಿಮೆಂಟ್ ಕೋರ್ಟು,
ಬಿರುಕಿನಲ್ಲಿ ಗರಿಕೆ, ಕಂಬಕ್ಕೆ ಒಂದೇ ಬಲ್ಬು.
ಆರೂಮುಕ್ಕಾಲರ ಮೇಲೆ ಚೆಂಡನ್ನು ಸದ್ದಿನಿಂದ ಹಿಡಿಯಬೇಕು.

ಬೆಂಜಮಿನ್ ಆರಡಿ ಐದಂಗುಲ.
ರಿಂಗಿನ ಕೆಳಗೆ ನಿಂತರೆ ಕರೆಂಟ್ ಕಂಬ;
ಓಡುವುದೂ ಕಂಬದಷ್ಟೇ. ಎಡ ಮಂಡಿಗೆ ಪಟ್ಟಿ.
ಆದರೂ ಎತ್ತರ ಎತ್ತರವೇ.
ನಮ್ಮಲ್ಲಿ ಎತ್ತರವೆಂದರೆ ಇಮ್ತಿಯಾಜ್, ಅದೂ ಎಗರಿದಾಗ.
ಕಳೆದ ವರ್ಷ ದಾವಣಗೆರೆಯವರು
ನಾವು ತಪ್ಪಿಸಿದ ಚೆಂಡನ್ನೆಲ್ಲ
ತಗ್ಗಿನ ಕೊಂಬೆಯ ಪೇರಲೆಯಂತೆ ಬಿಡಿಸಿಕೊಂಡು ಹೋದರು.

ಗುತ್ಯಪ್ಪ ಅಂಚಿನವನು, ವಿಂಗು.
ತೂಕದ ಚೀಟಿಗಳ ಹಿಂಬದಿಯಲ್ಲಿ ಅವನ ಲೆಕ್ಕವಿದೆ:
ದೂರದಿಂದ ನೂರು ಎಸೆದರೆ ಮೂವತ್ತೊಂದು ಒಳಗೆ.
ಕಡಿಮೆ. ನನಗೂ ಗೊತ್ತು.
ಎಡಗೈಯಲ್ಲಿ ಚೆಂಡು ಪುಟಿಸಲು ಬಾರದು,
ಬಲಕ್ಕೇ ತಿರುಗುತ್ತಾನೆಂದು ಎದುರಾಳಿಯ ಅಜ್ಜಿಗೂ ಗೊತ್ತು.

ಇನ್ನು ಚೀಟಿಯಲ್ಲಿ ಜಾಗವಿಲ್ಲದ್ದು.
ಎದುರು ತಂಡದ ಹುಲಿಯ ಬೆನ್ನಿಗೆ ಪ್ರತಿ ಸಲ ಇವನನ್ನೇ ಬಿಡುತ್ತೇನೆ.
ಇಪ್ಪತ್ತೈದು ಹೊಡೆಯುವ ಹುಲಿ ಅವತ್ತು ಹನ್ನೊಂದಕ್ಕೆ ಸುಸ್ತು.
ಆಗದೇ ಹೋದ ಆ ಹದಿನಾಲ್ಕು ಯಾರ ಖಾತೆಗೆ?
ಚೆಂಡೆಸೆದ ಮೇಲೆ ಬಿತ್ತೋ ಇಲ್ಲವೋ ಅವನು ನೋಡುವುದಿಲ್ಲ,
ಆಗಲೇ ಬೆನ್ನು ತಿರುಗಿಸಿ ನಮ್ಮ ರಿಂಗಿನತ್ತ ಓಟ.
ಬಿದ್ದದ್ದು ಬೆಂಚಿನ ಗದ್ದಲದಿಂದ ತಿಳಿದರೆ ತಿಳಿಯಿತು.

ಖಜಾಂಚಿ ಹುಚ್ಚರಾಯ ಹೇಳುತ್ತಾನೆ:
'ಎಸೆಯೋದು ಕಲಿಸ್ಬೋದು ಸಾರ್, ಎತ್ತರ ಕಲಿಸಕ್ಕಾಗುತ್ತಾ?'
ಹೀಗೆ ಹಿಂದಕ್ಕೆ ಓಡುವುದನ್ನು?
ನಾನಂತೂ ಯಾರಿಗೂ ಕಲಿಸಿಲ್ಲ.

ಇವತ್ತು ಮಧ್ಯಾಹ್ನ ಗುಜರಿ ಕಬ್ಬಿಣದ ಲಾರಿ ಬಂತು,
ಸ್ಟೇರಿಂಗಿನಲ್ಲಿ ಗುತ್ಯಪ್ಪ.
'ಡ್ರೈವರ್ ಇಳೀಬೇಕು' ಅಂದೆ. ರೂಲ್ಸು.
ಇಳಿದ.
ಆರು ಸಾವಿರದ ಎಂಟುನೂರ ನಲವತ್ತಿದ್ದ ಕೆಂಪು ಅಂಕಿ
ಒಮ್ಮೆ ನಡುಗಿ, ಎಪ್ಪತ್ತು ಇಳಿದು ನಿಂತಿತು.
ಕಿಟಕಿಗೆ ಬಂದು ಚೀಟಿಗೆ ಕೈಯೊಡ್ಡಿ ಕೇಳಿದ:
'ಸಾಗರದಲ್ಲಿ ಕೋರ್ಟಿಗೆ ಲೈಟ್ ಹಾಕ್ಸಿದಾರಂತೆ, ಹೌದಾ ಸಾರ್?'

ನಾಲ್ಕು ದಿನ, ಕೊಟ್ಟರೇನು ಇಟ್ಟರೇನು ಅಂತ
ಮಗುಚಿ ಮಗುಚಿ ತೂಗಿದ್ದೆ.
ಮಾಲಿಗೂ ಒಂದು ಮನಸ್ಸಿದ್ದೀತೆಂದು ಹೊಳೆದೇ ಇರಲಿಲ್ಲ.
'ಹೌದಂತೆ' ಅಂದೆ. 'ಎಂಟು ಲೈಟು.'
'ಎಂಟಾ' ಅಂದ.
ನಕ್ಕನೋ, ಬಿಸಿಲಿಗೆ ಕಣ್ಣು ಕಿರಿದಾಯಿತೋ.
ಲಾರಿ ಹತ್ತಿ ಹೋದ. ತಿರುಗಿ ನೋಡಲಿಲ್ಲ.
ಅದು ಅವನ ಅಭ್ಯಾಸ, ಅದರಲ್ಲಿ ಅರ್ಥ ಹುಡುಕಬಾರದು.

ಜನವರಿಯಲ್ಲಿ ಹುಡುಗರನ್ನೆಲ್ಲ ಆಸ್ಪತ್ರೆಯಲ್ಲಿ ತೂಗಿಸಿದಾಗ
ನಾನೇ ಬರೆದುಕೊಂಡಿದ್ದೆ: ಗುತ್ಯಪ್ಪ, ಎಪ್ಪತ್ತನಾಲ್ಕು.
ನಮ್ಮ ಕಾಟಾ ಹತ್ತರ ಕೆಳಗಿನದನ್ನು ಕಾಣದು.
ಕಬ್ಬಿಣಕ್ಕೆ ಅದೊಂದು ಲೆಕ್ಕವೇ ಅಲ್ಲ,
ಇಷ್ಟು ವರ್ಷ ಯಾರೂ ಜಗಳ ತೆಗೆದಿಲ್ಲ.

ಹುಚ್ಚರಾಯ ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ.
ಐದೂವರೆ ಆಯಿತು. ಶಟರ್ ಅರ್ಧ ಇಳಿಸಿ
ಆ ನಾಲ್ಕು ಕೆಜಿಯನ್ನು ಕಾಗದದ ಯಾವ ಮಗ್ಗುಲಿಗೆ ಬರೆಯಲೆಂದು
ಪೆನ್ನಿನ ಮುಚ್ಚಳ ತೆಗೆದು ನಿಂತಿದ್ದೇನೆ.
ಹೊರಗೆ ಯಾರೋ ಹಾರ್ನ್ ಹೊಡೆಯುತ್ತಿದ್ದಾರೆ:
ಇನ್ನೊಂದು ಗಾಡಿ ಇದೆ ಸಾರ್, ಖಾಲಿ, ಬೇಗ ಆಗುತ್ತೆ.